ಬುಟ್ಟಿ ಅವ್ವ ಫೇಲಾದ ಶಿಬಿರ

ನನ್ನ ಅಕ್ಷರ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ಕಷ್ಟ ಹೇಳಿಕೊಳ್ಳುತ್ತಿದ್ದೇನೆ. ಅಕ್ಷರ ಚೆನ್ನಾಗಿರುವ ಮೇಷ್ಟ್ರಿಗೆ ಪಾಠ ಮಾಡಲು ಪುರುಸೊತ್ತು ಸಿಗುವುದಿಲ್ಲ. ನಿವೃತ್ತರಾಗುವವರಿಗೆ ಬಿನ್ನವತ್ತಳೆ, ಪೋಲಿಯೋ ಹನಿಯ ದಿನಕ್ಕೆ ಬೋರ್ಡು, ಆಟೋಟದಲ್ಲಿ ಗೆದ್ದವರಿಗೆ ಪ್ರಮಾಣಪತ್ರ, ಹೆಡ್ಮಾಸ್ಟರ ಮಗಳ ಮದುವೆಯ ಲಗ್ನಪತ್ರಿಕೆಗಳ ಮೇಲೆ ವಿಳಾಸ, ಎಲ್ಲವೂ ನನ್ನ ಪಾಲಿಗೆ. ಎರಡು ಸಾವಿರದ ಇಸವಿಯ ಆಚೀಚೆ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಯಾರ ಮನೆಯ ಗೋಡೆಯಲ್ಲಿ ಪ್ರಮಾಣಪತ್ರ ತೂಗುತ್ತಿದ್ದರೂ, ಅದರ ಒತ್ತಕ್ಷರ ನೋಡಿ ಇದು ನನ್ನದೋ ಅಲ್ಲವೋ ಎಂದು ಹೇಳಬಲ್ಲೆ. ಅವುಗಳಲ್ಲಿ ಬರೆದದ್ದು ಎಷ್ಟು ನಿಜ ಎಂದು ಮಾತ್ರ ಕೇಳಬೇಡಿ. ಹೇಳಿದ್ದನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಹಾಗೆ ಬರೆಯುತ್ತ ಬರೆಯುತ್ತ ಒಮ್ಮೆ ಒಬ್ಬ ಹೆಂಗಸಿನ ಕಸುಬನ್ನೇ ಅಳಿಸಿಬಿಟ್ಟಿದ್ದೆ.

ಆಗ ನಾನು ಪರಶುರಾಂಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಚಳ್ಳಕೆರೆಯಲ್ಲಿ ಬಾಡಿಗೆ ಕೋಣೆ, ದಿನಾ ಬಸ್ಸು. ವಿಜ್ಞಾನದವನು ಎಂಬ ಕಾರಣಕ್ಕೆ ಪರಿಸರ ಸಂಘವನ್ನೂ ನನ್ನ ತಲೆಗೇ ಕಟ್ಟಿದ್ದರು. ನಾವು ಪ್ರತಿ ಜೂನಿನಲ್ಲಿ ಸಸಿ ನೆಡುತ್ತಿದ್ದೆವು, ಜುಲೈಯಲ್ಲಿ ಊರಿನ ಕುರಿಗಳು ಬಂದು ಹೋಗುತ್ತಿದ್ದವು, ವರದಿ ಆಗಸ್ಟಿನಲ್ಲಿ ಹೋಗುತ್ತಿತ್ತು. ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದಾಗ ಮೇಲಿನಿಂದ ಒಂದು ಆದೇಶ ಬಂತು. ಯುವಜನರಿಗೆ ಸುಸ್ಥಿರ ಬದುಕಿನ ಪಾಠವನ್ನು ಬಿದಿರಿನ ಕೈಕೆಲಸದ ಮೂಲಕ ಕಲಿಸಬೇಕು, ಹತ್ತು ದಿನದ ಶಿಬಿರ. ನಗರದ ಒಂದು ಸಂಸ್ಥೆ ಬಿದಿರನ್ನೂ ತರಬೇತುದಾರನನ್ನೂ ಕಳಿಸುತ್ತದೆ. ನಲವತ್ತು ಮಕ್ಕಳನ್ನೂ ಒಂದಿಷ್ಟು ನೆರಳನ್ನೂ ನಾವು ಒದಗಿಸಬೇಕು.

ಹೆಡ್ಮಾಸ್ಟರು ಕನ್ನಡಕ ಏರಿಸಿ ಓದಿದರು.

“ಸುಸ್ಥಿರ ಅಂದ್ರೆ ಏನ್ರಿ ಮೇಷ್ಟ್ರೇ?”

“ಇರೋದನ್ನ ಮುಂದಿನೋರಿಗೂ ಉಳಿಯೋ ಹಂಗೆ ಬಳಸೋದು ಸಾರ್.”

“ಹಂಗಾದ್ರೆ ಮೊದ್ಲು ಸೀಮೆಸುಣ್ಣ ಹಂಗೆ ಬಳಸ್ರಿ,” ಎಂದು ಆದೇಶವನ್ನು ನನ್ನ ಕೈಗಿಟ್ಟು, ಶಿಬಿರ ಸಂಯೋಜಕ ಎಂಬ ಪದವಿಯನ್ನೂ ಜೊತೆಗೇ ಕೊಟ್ಟರು. ಅದಕ್ಕೊಂದು ದುಂಡನೆಯ ಸೀಲು ಬೇರೆ ಮಾಡಿಸಿದರು.

ನಮ್ಮ ಕಡೆ ಬೆಳೆಯುವುದು ಶೇಂಗಾ, ಈರುಳ್ಳಿ ಮತ್ತು ಜಾಲಿ. ಬಿದಿರು ಎಂಬುದು ಲಾರಿಯ ಮೇಲೆ ಉದ್ದಕ್ಕೆ ಮಲಗಿ ಬರುವ ಪದಾರ್ಥ, ಅದರ ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿರುತ್ತಾರೆ ಎಂಬಷ್ಟೇ ನಮ್ಮ ಹುಡುಗರಿಗೆ ಗೊತ್ತಿತ್ತು. ಆದರೆ ಬಿದಿರು ಬೆಳೆಯದ ಊರಿನಲ್ಲೂ ಬಿದಿರಿಲ್ಲದೆ ಬದುಕು ಸಾಗುವುದಿಲ್ಲ. ಶೇಂಗಾ ಕೇರಲು ಮೊರ ಬೇಕು, ಈರುಳ್ಳಿ ಹೊರಲು ಬುಟ್ಟಿ ಬೇಕು, ಹಟ್ಟಿಯಲ್ಲಿ ಎಳೆಯ ಕುರಿಮರಿಗಳ ಮೇಲೆ ಕವುಚಲು ದೊಡ್ಡ ಬುಟ್ಟಿ ಬೇಕು. ಮೊಳಕಾಲ್ಮುರಿನ ಕಡೆ ರೇಷ್ಮೆ ಸಾಕುವವರಿಗೆ, ಹುಳ ಗೂಡು ಕಟ್ಟುವ ಅಗಲವಾದ ಚಂದ್ರಿಕೆ ಬೇಕು. ಇವನ್ನೆಲ್ಲ ಹೆಣೆಯುವ ಆರು ಮನೆ ಮೇದಾರರು ನಮ್ಮೂರ ಬಸ್ ನಿಲ್ದಾಣದ ಹಿಂದೆ ಇದ್ದರು. ಅವರಲ್ಲಿ ಹಿರಿಯಳನ್ನು ಊರೆಲ್ಲ ಬುಟ್ಟಿ ಅವ್ವ ಎನ್ನುತ್ತಿತ್ತು. ಐವತ್ತೈದು ದಾಟಿದ ವಿಧವೆ. ತವರು ಗಡಿಯಾಚೆ, ರಾಯದುರ್ಗದ ಕಡೆ. ಸಿಟ್ಟು ಬಂದರೆ ತೆಲುಗು, ಸಮಾಧಾನವಿದ್ದರೆ ಕನ್ನಡ. ಬೆಳಗ್ಗೆ ಬೇವಿನ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತರೆ ನಾನು ಸಂಜೆಯ ಬಸ್ಸು ಹತ್ತುವವರೆಗೂ ಅಲ್ಲೇ ಕೂತಿರುತ್ತಿದ್ದಳು.

ಶಿಬಿರದ ಆದೇಶ ಓದಿದ ಕೂಡಲೇ ನನಗೆ ಆಕೆಯೇ ನೆನಪಾದದ್ದು. ಹೋಗಿ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

“ಕಾಗ್ದ ಕೊಡ್ತಾರೇನ್ರಿ ಮೇಷ್ಟ್ರೇ?”

“ಯಾವ ಕಾಗ್ದ ಅವ್ವ?”

“ಯಾವ್ದಾದ್ರೂ. ನನ್ನ ಹೆಸ್ರು, ಬಿದ್ರು, ಎರ್ಡೂ ಒಂದೇ ಕಾಗ್ದದಾಗೆ ಇರ್ಬೇಕು. ಕೆಳಗೆ ದುಂಡನೆ ಸೀಲ್ ಇರ್ಬೇಕು.”

ಆಮೇಲೆ ಬಿಡಿಸಿ ಹೇಳಿದಳು. ಅರಣ್ಯ ಇಲಾಖೆಯ ಡಿಪೋದಲ್ಲಿ ಕಸುಬುದಾರರಿಗೆ ಕಡಿಮೆ ದರಕ್ಕೆ ಹಸಿ ಬಿದಿರು ಸಿಗುತ್ತದೆ, ಅದಕ್ಕೊಂದು ಕಾರ್ಡಿದೆ. ಆಕೆಯ ಮನೆಯ ಕಾರ್ಡು ಗಂಡನ ಹೆಸರಲ್ಲಿತ್ತು. ಗಂಡನ ಜೊತೆಗೆ ಕಾರ್ಡೂ ಸತ್ತಿತು. ಅಂದಿನಿಂದ ಸಂತೆಯ ವ್ಯಾಪಾರಿ ಕೊಟ್ಟ ಬಿದಿರಿನ ಗಳ, ಅವನು ಹೇಳಿದ ರೇಟು. ಅದೂ ಅರ್ಧ ಒಣಗಿದ್ದು, ಸೀಳಿದರೆ ಸಿಬಿರೆದ್ದು ಕೈಗೆ ಚುಚ್ಚುತ್ತದೆ. ಹೊಸ ಕಾರ್ಡಿಗೆ ಜಾತಿ ಪತ್ರ ತೆಗೆದುಕೊಂಡು ಹೋದರೆ, “ಇದ್ರಾಗೆ ಮೇದಾರ ಅಂತ ಐತೆ, ಹೆಣೀತೀಯ ಅಂತ ಎಲ್ಲೈತೆ?” ಎಂದು ಕಳಿಸಿದ್ದರು. ಆಕೆ ಎರಡೂ ಕೈ ತೋರಿಸಿದ್ದಳಂತೆ. ಬೆರಳಿನ ಗಾಯಗಳಿಗೆ ಸೀಲು ಇರಲಿಲ್ಲ.

“ಕಾಗ್ದ ನಾನು ಕೊಡಿಸ್ತೀನಿ,” ಎಂದೆ. ಅಷ್ಟು ಸಲೀಸಾಗಿ ಅಂದದ್ದು ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೆಡ್ಮಾಸ್ಟರ ಕೋಣೆಯ ಫೋನಿನ ಬೀಗ ತೆಗೆಸಿ ಸಂಸ್ಥೆಯವರೊಡನೆ ಮಾತಾಡಿದೆ. ನಮ್ಮೂರಲ್ಲೇ ಹೆಣೆಯುವವರು ಇದ್ದಾರೆ, ಅವರೇ ಕಲಿಸಲಿ ಎಂದೆ. ಆ ಕಡೆಯ ಹೆಣ್ಣುಮಗಳು ಬಹಳ ಸಂತೋಷಪಟ್ಟಳು. ಸ್ಥಳೀಯ ಜ್ಞಾನವೇ ನಮ್ಮ ಉದ್ದೇಶ ಎಂದಳು. ಆಮೇಲೆ, ಅವರು ತರಬೇತಿ ಪಡೆದ ಪ್ರಮಾಣಪತ್ರದ ಪ್ರತಿ ಕಳಿಸಿ ಎಂದಳು. ಪ್ರಮಾಣಪತ್ರ ಇಲ್ಲ, ಅತ್ತೆಯಿಂದ ಕಲಿತದ್ದು ಎಂದೆ. ಅತ್ತೆಯವರ ಪ್ರಮಾಣಪತ್ರ ಇದೆಯೇ ಎಂದು ಕೇಳಿದಳು. ಕೊನೆಗೆ ಆಕೆಯೇ ಒಂದು ದಾರಿ ಹುಡುಕಿಕೊಟ್ಟಳು. ಶಿಬಿರಾರ್ಥಿಗಳಲ್ಲಿ ಕಡ್ಡಾಯವಾಗಿ ಒಬ್ಬ ಸ್ಥಳೀಯ ಮಹಿಳೆ ಇರಬೇಕೆಂದು ನಿಯಮವಿದೆ. ಬುಟ್ಟಿ ಅವ್ವ ಕಲಿಸುವವಳಾಗಿ ಬರುವಂತಿಲ್ಲ, ಕಲಿಯುವವಳಾಗಿ ಬರಬಹುದು. ಪತ್ರವಂತೂ ಸಿಗುತ್ತದೆ.

ಬುಟ್ಟಿ ಅವ್ವನಿಗೆ ಇದನ್ನು ಹೇಳಲು ಸಂಕೋಚವಾಯಿತು. ಆಕೆ ನಕ್ಕಳು.

“ಸೀಲ್ ಇರ್ತೈತಲ್ಲ?”

“ಇರ್ತೈತೆ.”

“ಮತ್ತೇನು, ಕಲೀತೀನಿ ಬಿಡ್ರಿ.”

ಶಿಬಿರದ ದಿನ ಬಂತು. ಲಾರಿಯಲ್ಲಿ ಬಿದಿರು ಬಂತು. ಹಳದಿ ಬಣ್ಣದ, ನುಣ್ಣಗಿನ, ನೋಡಲು ಬಹಳ ಅಂದವಾದ ಗಳಗಳು. ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರು. ಬುಟ್ಟಿ ಅವ್ವ ಒಂದಕ್ಕೆ ಬೆರಳಿನಿಂದ ಕುಟ್ಟಿ, “ಅಯ್ಯೋ ನಾಯನಾ, ಇದು ಪೆಂಡಾಲ್ ಹಾಕೋ ಬಿದ್ರು. ಸತ್ತು ವರ್ಷ ಆಗೈತೆ,” ಎಂದಳು. ಶಾಲೆಯ ಗೋಡೆಗೆ ಒಂದು ಫ್ಲೆಕ್ಸ್ ಕಟ್ಟಿದರು. ಆಗಷ್ಟೇ ನಮ್ಮ ಕಡೆ ಫ್ಲೆಕ್ಸ್ ಕಾಲಿಟ್ಟಿತ್ತು. ಅದರ ತುಂಬ ಹಸಿರು ಬಿದಿರಿನ ಮೆಳೆ, ಮೇಲೆ ಪ್ಲಾಸ್ಟಿಕ್ ತೊರೆಯೋಣ ಎಂಬ ದಪ್ಪಕ್ಷರ. ಶಿಬಿರ ಮುಗಿದ ಮೇಲೆ ಹೆಡ್ಮಾಸ್ಟರು ಅದನ್ನು ಮನೆಗೆ ಒಯ್ದು ಮೂರು ಮಳೆಗಾಲ ದನದ ಕೊಟ್ಟಿಗೆಗೆ ಹೊದಿಸಿದ್ದರು. ಆ ಶಿಬಿರದಿಂದ ಸುಸ್ಥಿರವಾಗಿ ಉಳಿದ ವಸ್ತು ಅದೊಂದೇ ಎಂದು ನನಗೆ ಆಮೇಲೆ ಅನ್ನಿಸಿದೆ.

ತರಬೇತುದಾರ ಇಪ್ಪತ್ತೈದರ ತರುಣ, ಖಾದಿ ಜುಬ್ಬಾ, ಕಣ್ಣಲ್ಲಿ ಒಳ್ಳೆಯತನ. ನಿಜವಾಗಿಯೂ ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ದಿನ ಸ್ಲೈಡು ತೋರಿಸುತ್ತ ಭೂಮಿ ಬಿಸಿಯಾಗುತ್ತಿದೆ ಎಂದ. ಮಾರ್ಚ್ ತಿಂಗಳ ನಮ್ಮೂರಿನ ಮಕ್ಕಳು ಅದನ್ನು ಒಪ್ಪಿಕೊಂಡರು. ಮೂರನೇ ಸ್ಲೈಡಿಗೆ ಕರೆಂಟು ಹೋಯಿತು. ಎರಡನೇ ದಿನ ಬಿದಿರು ಸೀಳುವುದನ್ನು ಕಲಿಸಲು ಹೊರಟ. ಗಳದ ಹೊರಗಿನ ನಯವಾದ ಸಿಪ್ಪೆಯನ್ನು ನಾಜೂಕಾಗಿ ಹೆರೆದು ಎಸೆದು, ಒಳಗಿನ ತಿರುಳನ್ನು ಎಳೆ ಮಾಡುವಂತೆ ತೋರಿಸಿದ. ಸಿಪ್ಪೆಗೆ ಬಣ್ಣ ಹಿಡಿಯುವುದಿಲ್ಲವಂತೆ. ಹಿಂದಿನ ಸಾಲಿನಲ್ಲಿ ಶಿಬಿರಾರ್ಥಿಯಾಗಿ ಕೂತಿದ್ದ ಬುಟ್ಟಿ ಅವ್ವ ಎದ್ದು ಬಂದು, ಎಸೆದ ಸಿಪ್ಪೆಯನ್ನೆಲ್ಲ ಮಡಿಲಿಗೆ ತುಂಬಿಕೊಂಡಳು.

“ಅಮ್ಮಾ, ಅದು ವೇಸ್ಟು,” ಎಂದ ತರುಣ.

“ಗಟ್ಟಿ ಇರೋದು ಇದೇ ಕಣಪ್ಪ. ನೀನು ಇಟ್ಕಂಡಿರೋದು ಒಲೆಗೆ.”

ಮಕ್ಕಳು ನಕ್ಕರು. ಆ ತರುಣ ನಗಲಿಲ್ಲ, ಸಿಪ್ಪೆಯ ಎಳೆಯೊಂದನ್ನು ಬಗ್ಗಿಸಿ ನೋಡಿದ. ತಿರುಳಿನದು ಮುರಿಯಿತು, ಇದು ಮುರಿಯಲಿಲ್ಲ. ಅವನ ಮುಖದಲ್ಲಿ ಏನೋ ಬದಲಾದದ್ದನ್ನು ನಾನು ಕಂಡೆ. ಮೂರನೇ ದಿನ ಮಚ್ಚು ಜಾರಿ ಅವನ ಹೆಬ್ಬೆರಳು ಕುಯ್ದಿತು. ನಾಲ್ಕನೇ ದಿನ ಬುಟ್ಟಿ ಅವ್ವ ತನ್ನ ಮನೆಯಲ್ಲಿ ಉಳಿದಿದ್ದ ಅರೆಹಸಿ ಗಳಗಳನ್ನೇ ತಂದು ಹಾಕಿ ಮುಂದೆ ಕೂತಳು, ಅವನು ಬ್ಯಾಂಡೇಜು ಕಟ್ಟಿಕೊಂಡು ಮಕ್ಕಳ ಸಾಲಿನಲ್ಲಿ ಕೂತ. ಅಂದಿನಿಂದ ಶಿಬಿರ ಶಿಬಿರವಾಯಿತು. ಹಾಜರಿ ಪುಸ್ತಕದಲ್ಲಿ ಮಾತ್ರ ಅವನು ತರಬೇತುದಾರ, ಅವಳು ಶಿಬಿರಾರ್ಥಿ.

ಬುಡ ಹಾಕುವುದು ಎಂದರೆ ಬುಟ್ಟಿಯ ತಳಕ್ಕೆ ಅಡ್ಡ, ಉದ್ದ ಎಳೆಗಳನ್ನು ಜೋಡಿಸುವುದು. ಎಲ್ಲ ಎಳೆಗಳ ಸಿಪ್ಪೆಯೂ ಹೊರಮುಖವಾಗಿರಬೇಕು. ಬುಟ್ಟಿ ಅವ್ವ ನಟ್ಟನಡುವಿನ ಒಂದು ಎಳೆಯನ್ನು ಮಾತ್ರ ತಿರುವಿ, ಸಿಪ್ಪೆ ಒಳಗೆ ಬರುವಂತೆ ಹಾಕುತ್ತಿದ್ದಳು. ಮೊದಮೊದಲು ತರುಣ ಅದನ್ನು ತಪ್ಪೆಂದುಕೊಂಡ, ಮೆಲ್ಲಗೆ ನನಗೆ ಹೇಳಿದ. ನಾನು ಶಿಬಿರದ ದಿನಚರಿಯ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ, ದೋಷಗಳು ಎಂಬ ಕಾಲಮಿನಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದೆ: ತಳ ಹಾಕುವಾಗ ಒಂದು ಎಳೆಯನ್ನು ತಿರುಗು ಮುರುಗಾಗಿ ಹಾಕುತ್ತಾರೆ. ಮಾರನೆಯ ದಿನ ಕುರಿಹಟ್ಟಿಯ ಹುಡುಗಿಯೊಬ್ಬಳು ನೇರವಾಗಿ ಕೇಳಿಯೇಬಿಟ್ಟಳು.

“ಯಾಕವ್ವ ಇದೊಂದು ಉಲ್ಟಾ?”

“ನಮ್ಮತ್ತೆ ಹಂಗೆ ಹಾಕ್ತಿದ್ಳು, ಅವಳತ್ತೇನೂ ಹಂಗೇ. ನಮ್ಮ ಆರ್ ಮನೆಗೂ ಒಂದೊಂದು ಬುಡ ಐತೆ. ಸಂತೆಯಾಗೆ ಎಷ್ಟು ಬುಟ್ಟಿ ಬಿದ್ದಿದ್ರೂ ಬುಡ ತಿರುವಿ ನೋಡಿದ್ರೆ ಯಾರ್ ಮನೇದು ಅಂತ ಗೊತ್ತಾಗ್ತೈತೆ. ಬುಟ್ಟಿ ಬ್ಯಾಗ ಹರಿದ್ರೆ ಬೈಯೋಕೆ ಸರಿಯಾದ ಮನೀಗೇ ಬರ್ತಾರೆ.”

ತರುಣ ಕೈ ಮುಗಿದ. ದಿನಚರಿಯ ಆ ಸಾಲನ್ನು ಹೊಡೆದುಹಾಕಿ ಎಂದ. ನಾನು ಹೊಡೆಯಲಿಲ್ಲ. ಚಿತ್ತು ಕಂಡರೆ ತಪಾಸಣೆಯವರು ವಿವರಣೆ ಕೇಳುತ್ತಾರೆ, ಮತ್ತು ನನ್ನ ಪುಸ್ತಕದಲ್ಲಿ ಅದುವರೆಗೆ ಒಂದೂ ಚಿತ್ತಿರಲಿಲ್ಲ.

ಮಕ್ಕಳು ಕಲಿತರು ಎಂಬುದನ್ನು ಒಪ್ಪಬೇಕು. ಆದೇಶದಲ್ಲಿದ್ದದ್ದು ಪೆನ್ ಸ್ಟ್ಯಾಂಡು ಮತ್ತು ಲ್ಯಾಂಪ್ ಶೇಡು. ಅವರು ಅದನ್ನು ಅರ್ಧ ದಿನದಲ್ಲಿ ಮುಗಿಸಿ, ತಮಗೆ ಬೇಕಾದದ್ದಕ್ಕೆ ಇಳಿದರು. ಕುರಿಹಟ್ಟಿಯ ಆ ಹುಡುಗಿ ಮರಿ ಮುಚ್ಚುವ ಬುಟ್ಟಿ ಹೆಣೆದು, ಅದು ಬಸ್ಸಿನ ಬಾಗಿಲಲ್ಲಿ ಹಿಡಿಸದೆ, ತಲೆಯ ಮೇಲೆ ಕವುಚಿಕೊಂಡು ನಡೆದೇ ಮನೆಗೆ ಹೋದಳು. ಸುಸ್ಥಿರ ಎಂಬ ಪದವನ್ನು ಅವರಲ್ಲಿ ಯಾರೂ ಪರೀಕ್ಷೆಯಲ್ಲಿ ಸರಿಯಾಗಿ ವಿವರಿಸಲಿಲ್ಲ, ಉತ್ತರ ಪತ್ರಿಕೆ ತಿದ್ದಿದವನು ನಾನೇ.

ಸಮಾರೋಪಕ್ಕೆ ದೊಡ್ಡವರೊಬ್ಬರು ಬಂದರು. ನಮ್ಮ ಕಡೆ ಭಾಷಣಕ್ಕೆ ನಿಂತವರೆಲ್ಲ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಎಳೆದು ತರಲೇಬೇಕು. ರಕ್ತದಾನಕ್ಕೂ ಅಶೋಕ, ಸಹಕಾರ ಸಂಘದ ಗೋದಾಮಿಗೂ ಅಶೋಕ. ಅಂದು ಅಶೋಕ ಬಿದಿರನ್ನೂ ಪ್ರೀತಿಸುತ್ತಿದ್ದ ಎಂದು ತಿಳಿದುಬಂತು. ಭಾಷಣ ಮುಗಿದ ಮೇಲೆ ಅತಿಥಿಗಳಿಗೆ ಹಣ್ಣಿನ ಬುಟ್ಟಿ ಕೊಡಬೇಕು. ಹೆಡ್ಮಾಸ್ಟರು ಅದನ್ನು ಹಿಂದಿನ ದಿನವೇ ಚಳ್ಳಕೆರೆ ಪೇಟೆಯಲ್ಲಿ ತಂದಿದ್ದರು, ನಾನೂ ಜೊತೆಗಿದ್ದೆ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬುಟ್ಟಿ, ಮೇಲೆ ಮಿರಿಮಿರಿ ಪ್ಲಾಸ್ಟಿಕ್ ಹಾಳೆ. “ಏಕ್‌ದಂ ಮಜಬೂತ್ ಸಾರ್, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತೈತೆ,” ಎಂದಿದ್ದ ಅಂಗಡಿಯವನು. ಸುಸ್ಥಿರತೆಯ ಬಗ್ಗೆ ಆ ಹತ್ತು ದಿನಗಳಲ್ಲಿ ನಾನು ಕೇಳಿದ ಅತ್ಯಂತ ಸ್ಪಷ್ಟ ಮಾತು ಅದು. ಸುತ್ತಲೂ ಮಕ್ಕಳು ಹೆಣೆದ ನಲವತ್ತು ಬಿದಿರಿನ ಬುಟ್ಟಿಗಳು ಪ್ರದರ್ಶನಕ್ಕಿದ್ದವು. ನಡುವೆ ಗುಲಾಬಿ ಬುಟ್ಟಿ ಕೈಬದಲಾಯಿತು, ಫೋಟೋ ತೆಗೆದರು.

ಪ್ರಮಾಣಪತ್ರ ಸಂಸ್ಥೆಯವರೇ ಅಚ್ಚು ಹಾಕಿಸಿ ಕಳಿಸಿದ್ದರು. ನಾನು ಹೆಸರು ತುಂಬಿ ಸೀಲು ಹಾಕಬೇಕಿತ್ತು. ಅಚ್ಚಾದ ಸಾಲು ಹೀಗಿತ್ತು: ಇವರು ಬಿದಿರು ಹೆಣಿಗೆಯನ್ನು ಮೊದಲ ಹಂತದಿಂದ ಯಶಸ್ವಿಯಾಗಿ ಕಲಿತಿರುತ್ತಾರೆ. ಬುಟ್ಟಿ ಅವ್ವನ ಹೆಸರು ತುಂಬುವಾಗ ಆ ಸಾಲನ್ನು ಓದಿದ್ದೆ. ಓದಿ ಸುಮ್ಮನಿದ್ದೆ. ಹೆಸರೂ ಬಿದಿರೂ ಒಂದೇ ಕಾಗದದಲ್ಲಿವೆ, ಸೀಲಿದೆ, ಇನ್ನೇನು ಬೇಕು ಎಂದುಕೊಂಡೆ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮರುದಿನವೇ ಚಳ್ಳಕೆರೆಗೆ ಹೋಗಿ ಲ್ಯಾಮಿನೇಶನ್ ಮಾಡಿಸಿ, ಅಲ್ಲಿಂದಲೇ ಡಿಪೋದ ಕಚೇರಿಗೆ ಹೋದಳು.

ಎರಡು ದಿನದ ನಂತರ ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಬುಟ್ಟಿ ಅವ್ವ ಬಾಗಿಲಲ್ಲಿ ನಿಂತಳು, ಕರೆಯದೆ ಒಳಗೆ ಬಂದಳು, ಲ್ಯಾಮಿನೇಶನ್ ಹಾಳೆಯನ್ನು ಮೇಜಿನ ಮೇಲಿಟ್ಟಳು.

“ಇದನ್ನ ವಾಪಸ್ ತಗಳ್ರಿ.”

“ಯಾಕವ್ವ, ಏನಾಯ್ತು?”

“ಮೊದ್ಲು ಹೆಣೀತೀಯ ಅಂತ ಪುರಾವೆ ಇಲ್ಲ ಅಂತಿದ್ರು. ಈಗ ಪುರಾವೆ ಸಿಕ್ತಂತೆ. ಈ ವರ್ಷ ಇಸ್ಕೂಲ್ನಾಗೆ ಕಲ್ತಿದ್ದೀಯ, ಮೊದ್ಲ ಹಂತ, ಕಾರ್ಡ್ ಇರೋದು ವಂಶದಿಂದ ಬಂದೋರಿಗೆ, ಶಿಬಿರದಾಗೆ ಕಲ್ತೋರಿಗಲ್ಲ ಅಂದ್ರು. ನನ್ನ ಕಾಗ್ದನೇ ನನ್ನ ಕಸುಬು ಕಿತ್ಕಂಡಿತು ಮೇಷ್ಟ್ರೇ. ಇದ್ದ ಗಳ ಎಲ್ಲ ನಿಮ್ಮ ಹುಡ್ರಿಗೆ ಸೀಳಿ ಕೊಟ್ಟೆ. ಈಗ ಮೊಳಕಾಲ್ಮುರಿಗೆ ಚಂದ್ರಿಕೆ ಒಪ್ಕಂಡಿದ್ದೀನಿ, ಮನೆಯಾಗೆ ಒಂದ್ ಗೆಣ್ಣು ಬಿದ್ರಿಲ್ಲ.”

ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಅವರೆಲ್ಲ ಆಕೆಯ ಕೈಯಿಂದ ಕಲಿತವರು. ನನಗೆ ಅಷ್ಟು ನಾಚಿಕೆ ಅದುವರೆಗೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಚೆಂದದ ನನ್ನ ಅಕ್ಷರಗಳು ಪ್ಲಾಸ್ಟಿಕ್ಕಿನೊಳಗೆ ಮಿಂಚುತ್ತಿದ್ದವು, ಒರೆಸಲೂ ಬಾರದಂತೆ.

ಮಾರನೆಯ ದಿನ ರಜೆ ಹಾಕಿ ಆಕೆಯ ಜೊತೆ ಕಚೇರಿಗೆ ಹೋದೆ. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ, ಎಲ್ಲ ಊರಿನಲ್ಲೂ ಅದೇ ಕುರ್ಚಿ. ಸಾಹೇಬರು ಕೆಟ್ಟವರಲ್ಲ. ನನಗೆ ಕೂರಲು ಹೇಳಿ, ಆಕೆಗೂ ಹೇಳಿದರು. ಆಕೆ ನೆಲದ ಮೇಲೆ ಕೂತಳು. ನಾನು ಶಿಬಿರದ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ತಲೆದೂಗಿದರು.

“ನೀವು ಹೇಳೋದು ನಂಬ್ತೀನಿ ಮೇಷ್ಟ್ರೇ. ಆದ್ರೆ ಫೈಲು ನಂಬಲ್ಲ. ಫೈಲ್ನಾಗೆ ಏನೈತೆ? ಈಯಮ್ಮ ಕಲಿತಿರುತ್ತಾರೆ ಅಂತ ಐತೆ. ನಿಮ್ದೇ ಸೀಲು.”

ಅಷ್ಟರಲ್ಲಿ ಬುಟ್ಟಿ ಅವ್ವ ಕೂತಲ್ಲಿಂದಲೇ ಬಾಗಿ ಸಾಹೇಬರ ಮೇಜಿನ ಕೆಳಗೆ ಕೈ ಹಾಕಿದಳು. ಕಸದ ಬುಟ್ಟಿಯನ್ನು ಎಳೆದು, ಒಳಗಿದ್ದ ಕಾಗದಗಳನ್ನು ನೆಲಕ್ಕೆ ಸುರಿದು, ಬುಡ ಮೇಲೆ ಮಾಡಿ ಹಿಡಿದಳು. ಹಳೆಯದಾಗಿ ಕಪ್ಪಿಟ್ಟಿತ್ತು. ನಟ್ಟನಡುವೆ ಒಂದು ಎಳೆ ಮಾತ್ರ ಉಲ್ಟಾ.

“ಇದು ನಂದು. ನಮ್ಮೆಜಮಾನ್ರು ಇದ್ದಾಗ ಹೆಣೆದಿದ್ದು. ಐದಾರ್ ವರ್ಷ ಆಯ್ತು ನೋಡ್ರಿ, ಇನ್ನೂ ಹರಿದಿಲ್ಲ.”

ಸಾಹೇಬರು ಬುಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುವಿ ತಿರುವಿ ನೋಡಿದರು. ಅಷ್ಟು ವರ್ಷ ಅದರೊಳಗೆ ಕಾಗದ ಎಸೆದಿದ್ದರು, ಬುಡವನ್ನು ಅಂದೇ ಮೊದಲು ಕಂಡದ್ದು. ಅವರಿಗೆ ಖುಷಿಯಾಯಿತು. ಆಮೇಲೆ ಬೇಸರವೂ ಆಯಿತು.

“ನಿಜವಮ್ಮ. ಆದ್ರೆ ಬುಟ್ಟೀನ ಫೈಲಿಗೆ ಹಚ್ಚಕಾಗಲ್ವಲ್ಲ. ತೊಂದ್ರೆ ಇರೋದು ಇಷ್ಟೇ, ನೀನು ಶಿಬಿರದಾಗೆ ಕಲ್ತುಬಿಟ್ಟಿದ್ದೀಯ. ಕಲೀದಿದ್ರೆ ಏನೂ ತೊಂದ್ರೆ ಇರ್ತಿರ್ಲಿಲ್ಲ.”

ನಾನು ಸಾಹೇಬರ ಮುಖ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಶಿಬಿರದ ಸೀಲು ಇನ್ನೂ ನನ್ನ ಚೀಲದಲ್ಲೇ ಇತ್ತು. ಶಿಬಿರದ ಫಲಿತಾಂಶ ನೂರಕ್ಕೆ ನೂರು ಎಂದು ಆಗಲೇ ವರದಿ ಹೋಗಿತ್ತು, ಶಾಲೆಗೆ ಒಂದು ಫಲಕವೂ ಬರುವುದರಲ್ಲಿತ್ತು. ಒಬ್ಬರು ಫೇಲಾದರು ಎಂದು ಈಗ ಬರೆದರೆ ಹೆಡ್ಮಾಸ್ಟರು ನನ್ನನ್ನು ಉಳಿಸುವುದಿಲ್ಲ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಬುಟ್ಟಿ ಅವ್ವ ಸುರಿದ ಕಾಗದಗಳನ್ನು ಒಂದೊಂದಾಗಿ ಮತ್ತೆ ಬುಟ್ಟಿಗೆ ತುಂಬುತ್ತಿದ್ದಳು. ನಾನು ಎರಡು ಬಿಳಿ ಹಾಳೆ ಕೇಳಿ ಪಡೆದು, ಒಂದರಲ್ಲಿ ಕರಡು ಮಾಡಿ, ಇನ್ನೊಂದರಲ್ಲಿ ಚೊಕ್ಕವಾಗಿ ಬರೆದೆ.

ಸದರಿಯವರು ಹತ್ತು ದಿನವೂ ತಪ್ಪದೆ ಶಿಬಿರಕ್ಕೆ ಹಾಜರಾಗಿದ್ದು ನಿಜ. ಆದರೆ ಅವರು ಶಿಬಿರದಲ್ಲಿ ಏನನ್ನೂ ಕಲಿತಿರುವುದಿಲ್ಲ. ತಳ ಹಾಕುವಾಗ ಒಂದು ಎಳೆಯನ್ನು ತಿರುಗು ಮುರುಗಾಗಿ ಹಾಕುವ ದೋಷವನ್ನು ದಿನಚರಿಯಲ್ಲಿ ಗುರುತಿಸಲಾಗಿದ್ದು, ಕೊನೆಯ ದಿನದವರೆಗೂ ಅವರು ಅದನ್ನು ತಿದ್ದಿಕೊಂಡಿರುವುದಿಲ್ಲ. ಹಿಂದೆ ನೀಡಿದ ಪ್ರಮಾಣಪತ್ರವನ್ನು ರದ್ದುಪಡಿಸಿದೆ.

ಕೆಳಗೆ ದುಂಡನೆಯ ಸೀಲು ಒತ್ತಿ ಕೊಟ್ಟೆ. ಸಾಹೇಬರು ಎರಡು ಸಲ ಓದಿದರು. ಕಸದ ಬುಟ್ಟಿಯ ಬುಡವನ್ನು ಮತ್ತೊಮ್ಮೆ ನೋಡಿದರು.

“ಶಿಬಿರಕ್ಕಿಂತ ಮೊದ್ಲೂ ಇದೇ ತಪ್ಪು, ಆಮೇಲೂ ಇದೇ ತಪ್ಪು. ಸರಿಯಾಗೈತೆ. ಪೂರ್ತಿ ಫೇಲಾ?”

“ಪೂರ್ತಿ,” ಎಂದೆ.

“ಹಂಗಾದ್ರೆ ವಂಶದಿಂದ್ಲೇ ಬಂದಿರ್ಬೇಕು,” ಎಂದು ಅವರು ಹಾಳೆಯನ್ನು ಫೈಲಿಗೆ ಹಚ್ಚಿ, ಒಂದು ಪ್ರತಿಯನ್ನು ಸಂಸ್ಥೆಗೂ ಕಳಿಸಲು ಗುರುತು ಹಾಕಿದರು.

ಹೊರಗೆ ಬಂದು ಚಹಾ ಕುಡಿಯುವಾಗ ಬುಟ್ಟಿ ಅವ್ವ, ಏನು ಬರೆದಿರಿ ಓದಿ ಹೇಳಿ ಎಂದಳು. ನನ್ನ ಬಳಿ ಕರಡು ಪ್ರತಿ ಇತ್ತು. ತಲೆ ತಗ್ಗಿಸಿಕೊಂಡೇ ಓದಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, ಚಹಾ ತುಳುಕುವ ಹಾಗೆ ನಕ್ಕಳು.

“ಮೇಷ್ಟ್ರೇ, ನೀವು ಬರೆದಿದ್ರಾಗೆ ನಿಜ ಇರೋದು ಇದೊಂದೇ ನೋಡ್ರಿ.”

ಕಾರ್ಡು ಒಂದು ತಿಂಗಳಲ್ಲಿ ಬಂತು. ಮೊದಲ ಸಲ ಬಿದಿರು ಬಿಡಿಸಿಕೊಳ್ಳುವ ದಿನ ನಾನೂ ಡಿಪೋಗೆ ಹೋಗಿದ್ದೆ. ಗುಮಾಸ್ತ ಕಾರ್ಡು ನೋಡಿ ಆಕೆಯ ಹೆಸರನ್ನು ಜೋರಾಗಿ ಕೂಗಿದ. ಗಂಡನ ಹೆಸರಲ್ಲ, ಬುಟ್ಟಿ ಅವ್ವ ಎಂದೂ ಅಲ್ಲ, ಆಕೆಗೆ ಹುಟ್ಟಿದಾಗ ಇಟ್ಟ ಹೆಸರು. ಆಕೆ ಒಂದು ಕ್ಷಣ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಹಿಂದೆ ತಿರುಗಿ ನೋಡಿದಳು. ಆಮೇಲೆ ಮುಂದೆ ಹೋಗಿ, ಹಸಿ ಗಳಗಳನ್ನು ಒಂದೊಂದಾಗಿ ಕುಟ್ಟಿ ಆರಿಸಿಕೊಂಡಳು. ನನ್ನ ಕಣ್ಣು ತುಂಬಿತ್ತು, ಡಿಪೋದ ಧೂಳಿನ ನೆಪ ಹೇಳಿ ಒರೆಸಿಕೊಂಡೆ.

ಸಂಸ್ಥೆಯಿಂದ ನನಗೆ ನೋಟಿಸು ಬಂದೇ ಬಂತು. ನೂರಕ್ಕೆ ನೂರು ಎಂದು ವರದಿ ಮಾಡಿದ ಶಿಬಿರದಲ್ಲಿ ಒಬ್ಬ ಮಹಿಳೆ ಫೇಲಾಗಲು ಕಾರಣವೇನು ಎಂದು ವಿವರಣೆ ಕೇಳಿದ್ದರು. ಫಲಕ ಬೇರೆ ಶಾಲೆಗೆ ಹೋಯಿತು, ಹೆಡ್ಮಾಸ್ಟರು ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟರು. ನೋಟಿಸಿನ ಕೊನೆಯಲ್ಲಿ ಇನ್ನೂ ಒಂದು ಸಾಲಿತ್ತು. ಕಲಿಕೆಯಲ್ಲಿ ಹಿಂದುಳಿದ ಸದರಿ ಮಹಿಳೆಗೆ ವಿಶೇಷ ಗಮನ ಕೊಟ್ಟು, ಮುಂದಿನ ವರ್ಷದ ಶಿಬಿರದಲ್ಲಿ ಮತ್ತೊಮ್ಮೆ ತರಬೇತಿ ನೀಡತಕ್ಕದ್ದು.

ಮುಂದಿನ ವರ್ಷ ಮಾರ್ಚಿನಲ್ಲಿ ಅದೇ ನೆರಳು, ಹೊಸ ನಲವತ್ತು ಮಕ್ಕಳು. ಆ ತರುಣ ತಾನೇ ಕೇಳಿಕೊಂಡು ಮತ್ತೆ ಬಂದಿದ್ದ, ಬಂದವನೇ ಮಕ್ಕಳ ಸಾಲಿನಲ್ಲಿ ಕೂತ. ಬುಟ್ಟಿ ಅವ್ವ ಕಾರ್ಡಿನ ಮೇಲೆ ತಂದ ಹಸಿ ಗಳಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಇಳಿಸಿದಳು. ನಾನು ಹಾಜರಿ ಕರೆದೆ. ಕೊನೆಯ ಹೆಸರು ಆಕೆಯದು.

“ಹಾಜರ್ ಸಾರು,” ಎಂದು ಎದ್ದು ನಿಂತು ಕೂಗಿ, ಎಲ್ಲರ ಮುಂದೆ ಹೋಗಿ ಕೂತು, ಮೊದಲ ಬುಡ ಹಾಕಿದಳು. ಒಂದು ಎಳೆ ಉಲ್ಟಾ. ಮಕ್ಕಳೂ ತಮ್ಮ ತಮ್ಮ ಎಳೆಗಳನ್ನು ಹಿಡಿದು ಶುರು ಮಾಡಿದರು. ಆಕೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

“ಈ ಸಲಾನೂ ಫೇಲ್ ಮಾಡ್ತೀರಿ ತಾನೇ? ಕಾರ್ಡು ಉಳೀಬೇಕು.”

ದಿನಚರಿ ತೆರೆದೆ. ಆಕೆಯ ಹೆಸರಿನ ಮುಂದೆ, ಪ್ರಗತಿ ಎಂಬ ಕಾಲಮಿನಲ್ಲಿ, ಮೊದಲ ದಿನವೇ, ನನಗೆ ಬರುವ ಅತ್ಯಂತ ಚೆಂದದ ಅಕ್ಷರದಲ್ಲಿ ಬರೆದೆ: ಏನೂ ಇಲ್ಲ.